ತಿಂಡಿಯಾದ ಎರಡು ಗಂಟೆಗೆ

ಸಕ್ಕರೆ ಹಾಕದ ಕಾಫಿಯನ್ನೂ ಚಮಚದಲ್ಲಿ ಕದಡುವವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ದಿನಕ್ಕೆರಡು ಸಲ ನಮ್ಮ ಅಡುಗೆಮನೆಯಲ್ಲೇ ನೋಡುತ್ತಿದ್ದೇನೆ, ಏಕೆಂದರೆ ಆ ಮಹಾನುಭಾವೆ ನಾನೇ. ಲೋಟದಲ್ಲಿ ಕದಡುವಂಥದ್ದೇನೂ ಇಲ್ಲವೆಂದು ತಲೆಗೆ ಗೊತ್ತು, ಮಣಿಕಟ್ಟಿಗೆ ಗೊತ್ತಿಲ್ಲ. ಐವತ್ತೆರಡು ವರ್ಷದ ದೇಹಕ್ಕೆ ಹೊಸ ಪಾಠ ಹೇಳಿಕೊಡಬೇಕಾದರೆ ಒಂದೊಂದು ಅಂಗವನ್ನೂ ಬೇರೆ ಬೇರೆಯಾಗಿ ಶಾಲೆಗೆ ಸೇರಿಸಬೇಕಾಗುತ್ತದೆ.

ತೆಂಗಿನಕಾಯಿ ತುರಿಯುವಾಗ ಬೆರಳಿಗಾದ ಗಾಯ ಎಷ್ಟು ದಿನವಾದರೂ ಮಾಯಲಿಲ್ಲವೆಂದು ಅರಸೀಕೆರೆಯ ನಮ್ಮ ಡಾಕ್ಟರಮ್ಮನಿಗೆ ತೋರಿಸಲು ಹೋದವಳು, ಮಧುಮೇಹಿ ಎಂಬ ಹೊಸ ಬಿರುದು ಹೊತ್ತು ಮನೆಗೆ ಬಂದೆ. ಹೆದರಲಿಲ್ಲ. ಹೆದರುವುದಕ್ಕಿಂತ ಬರೆದಿಡುವುದು ನನಗೆ ಒಗ್ಗಿದ ಕೆಲಸ. ಹಾಲು ಎಷ್ಟು ಬಂತು, ಸಿಲಿಂಡರ್ ಎಂದು ಬದಲಾಯಿಸಿದೆ, ಉಪ್ಪಿನಕಾಯಿ ಎಂದು ಹಾಕಿದೆ ಎಂಬ ಸಕಲ ವೃತ್ತಾಂತವನ್ನೂ ಹೊತ್ತಿದ್ದ ಅಡುಗೆಮನೆಯ ಕ್ಯಾಲೆಂಡರು, ಬೆಳಗಿನ ನಡಿಗೆ, ಮಾತ್ರೆ, ಖಾಲಿ ಹೊಟ್ಟೆಯ ಸಕ್ಕರೆ ಎಂಬ ಮೂರು ಹೊಸ ಬಾಡಿಗೆದಾರರಿಗೂ ಆಯಾ ದಿನದ ಚೌಕದಲ್ಲೇ ಜಾಗ ಮಾಡಿಕೊಟ್ಟಿತು.

ಸಿಹಿ ಬಿಡುವುದು ಕಷ್ಟವೇ ಅಲ್ಲ ಕಣ್ರೀ. ಸಿಹಿ ಬೇಡವೆನ್ನುವುದು ಕಷ್ಟ. ನಮ್ಮ ಕಡೆ ಯಾರ ಮನೆ ಹೊಸಿಲು ದಾಟಿದರೂ ಕೊಬ್ಬರಿ-ಬೆಲ್ಲವಾದರೂ ಕೈಗೆ ಬಾರದೆ ಇರುವುದಿಲ್ಲ. ‘ಬೇಡ’ ಎಂದು ಬಾಯಲ್ಲಿ ಹೇಳಿದಿರೋ, ‘ಒಂದು ಚೂರಿಗೆ ಏನಾಗುತ್ತೆ’ ಎಂಬ ವಾದ ಶುರುವಾಯಿತೆಂದೇ ಅರ್ಥ. ಆದ್ದರಿಂದ ನಾನೊಂದು ಮೌನವಿದ್ಯೆಯನ್ನು ಅಭ್ಯಾಸ ಮಾಡಿದೆ: ತಟ್ಟೆ ಎದುರಿಗೆ ಬಂದ ಕೂಡಲೇ ಅದರ ಅಂಚಿಗೆ ಎರಡು ಬೆರಳು, ಪಕ್ಕದವರ ಕಡೆಗೊಂದು ಮೃದುವಾದ ತಳ್ಳು, ಮುಖದಲ್ಲಿ ಪರೋಪಕಾರದ ನಗೆ. ಮೂರೇ ವಾರದಲ್ಲಿ ಈ ವಿದ್ಯೆಯಲ್ಲಿ ಪಾರಂಗತಳಾದೆ.

ಮೌನಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ತಮ್ಮನ ಮಗ ಪ್ರದೀಪನಿಗೆ ಮಾದಿಹಳ್ಳಿಯಿಂದ ಒಂದು ಸಂಬಂಧ ಕೂಡಿ ಬರುತ್ತಿತ್ತು. ಹಿಂದಿನ ಎರಡು ಸಂಬಂಧಗಳು ಮಾತಿನಲ್ಲೇ ಮುರಿದಿದ್ದವು. ಈ ಹುಡುಗಿಯ ಫೋಟೋ ನೋಡಿದಂದಿನಿಂದ ನಮ್ಮ ಹುಡುಗ ಹದಿನೈದು ದಿನದಲ್ಲಿ ಎರಡು ಸಲ ಕ್ಷೌರ ಮಾಡಿಸಿದ್ದ. ನನ್ನ ಕಾಯಿಲೆ ತಿಳಿದಿದ್ದ ಏಕೈಕ ವ್ಯಕ್ತಿಯಾದ ನಮ್ಮ ಯಜಮಾನರು, “ಹುಡುಗನ ಸೋದರತ್ತೆಗೆ ಶುಗರ್ ಅಂದ್ರೆ ಹುಡುಗನಿಗೂ ಐತೆ ಅಂತ್ಲೇ ಊರೆಲ್ಲ ಮಾತಾಡ್ತಾರೆ ಕಣೇ. ಮದ್ವೆ ಮುಗೀಲಿ, ಆಮೇಲೆ ಡಂಗುರ ಹೊಡ್ಕೊ” ಎಂದಿದ್ದರು.

ಭಾನುವಾರ ಜಾವಗಲ್, ಹಳೇಬೀಡು ದಾಟಿ ಮಾದಿಹಳ್ಳಿಗೆ ಹೋದೆವು. ತಮ್ಮ, ಅವನ ಹೆಂಡತಿ, ಪ್ರದೀಪ ಮತ್ತು ನಾನು. ಹುಡುಗಿ ಚೈತ್ರ ಬಿ.ಎಡ್. ಮುಗಿಸಿದವಳು, ಕಣ್ಣೆತ್ತಿ ಮಾತಾಡುವವಳು. ಉಪ್ಪಿಟ್ಟು ಕಾಫಿ ಆಯಿತು. ನಮ್ಮ ಕಡೆಯ ಒಂದು ಪದ್ಧತಿಯನ್ನು ನಿಮಗೆ ಇಲ್ಲಿ ಹೇಳಲೇಬೇಕು. ಖಾರವನ್ನು ಯಾರು ಬೇಕಾದರೂ ತಿನ್ನಬಹುದು, ಅದು ಬರೀ ಉಪಚಾರ. ಸಿಹಿಯ ತಟ್ಟೆ ಬರುವುದು ಮಾತುಕತೆಯ ಕೊನೆಗೆ. ಗಂಡಿನ ಕಡೆಯ ಹಿರಿಯರು ಅದರಿಂದ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಹುಡುಗಿ ಒಪ್ಪಿಗೆ ಎಂದರ್ಥ, ಮುಟ್ಟದಿದ್ದರೆ ಇಲ್ಲವೆಂದರ್ಥ. ಬಾಯಿಬಿಟ್ಟು ಯಾರ ಮನಸ್ಸನ್ನೂ ನೋಯಿಸಬೇಕಿಲ್ಲ. ಅಂದು ಆ ಹಿರಿಯಳು ನಾನು.

ಚೈತ್ರಳ ಅಜ್ಜಿ ಕೊಬ್ಬರಿ ಮಿಠಾಯಿಯ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಮೂರು ವಾರದ ಸಾಧನೆ ವ್ಯರ್ಥವಾಗಲಿಲ್ಲ. ಅಂಚಿಗೆ ಎರಡು ಬೆರಳು, ಮೃದುವಾದ ತಳ್ಳು, ನಗೆ.

ನಾನು ಏನು ಮಾಡಿದೆನೆಂಬುದು ತಮ್ಮನ ಮುಖ ನೋಡಿದ ಮೇಲೆ ಹೊಳೆಯಿತು. ಅಜ್ಜಿ ಆಗಲೇ ತಟ್ಟೆ ಹಿಂದಕ್ಕೆಳೆದುಕೊಂಡು, “ಆಗ್ಲಿ ಬಿಡವ್ವ, ಋಣ ಇದ್ದಂಗಾಯ್ತದೆ” ಎನ್ನುತ್ತಾ ಒಳಗೆ ಹೊರಟಿದ್ದರು. ಪ್ರದೀಪ ಹೊಸದಾಗಿ ಕ್ಷೌರ ಮಾಡಿಸಿದ ತಲೆಯನ್ನು ತಗ್ಗಿಸಿ ನೆಲ ನೋಡುತ್ತಿದ್ದ. ಓಡಿಹೋಗಿ ಒಂದು ಚೂರು ಕಿತ್ತುಕೊಂಡು ತಿಂದುಬಿಡಲೇ? ತಿಂದರೆ, ಮೊದಲು ಬೇಡವೆಂದದ್ದೇಕೆ ಎಂಬ ಪ್ರಶ್ನೆ ಮದುವೆಯಾಗಿ ಹತ್ತು ವರ್ಷ ಕಳೆದರೂ ಉಳಿಯುತ್ತದೆ. ಹೇಳಿದರೆ, ಯಜಮಾನರು ಹೇಳಿದ ಭಯ. ಎರಡು ದಾರಿಯಲ್ಲೂ ಸಂಬಂಧ ಮುರಿಯುವುದಾದರೆ ನಿಜದ ದಾರಿಯಲ್ಲೇ ಮುರಿಯಲಿ ಎನಿಸಿತು.

“ಅಜ್ಜಿ, ನಿಲ್ಲಿ! ಹುಡುಗಿ ಚಿನ್ನದಂಥವಳು. ನಂಗೆ ಶುಗರು. ಮೂರು ವಾರ ಆಯ್ತು” ಎಂದುಬಿಟ್ಟೆ.

ಅಜ್ಜಿ ಬಾಗಿಲಲ್ಲೇ ತಿರುಗಿದರು. “ಅಯ್ಯೋ ನಿನ್ನ! ಅಷ್ಟೇಯಾ? ನಮ್ಮುಡ್ಗಿ ಕಪ್ಪು ಅಂತ ಬಿಟ್ರೇನೋ ಅಂದ್ಕಂಡು ಎದೆ ಒಡ್ಕಂಡ್ನಲ್ಲವ್ವ!”

ಆದರೆ ಹುಡುಗಿಯ ತಂದೆಯ ಹುಬ್ಬು ಗಂಟಿಕ್ಕಿತು. “ಹಂಗಾದ್ರೆ ನಿಮ್ಮ ವಂಶದಲ್ಲಿ ಇನ್ಯಾರ್‍ಯಾರಿಗೈತೆ?”

“ನಮ್ಮಲ್ಲಿ ಯಾರಿಗೂ ಇಲ್ಲ ಸ್ವಾಮಿ! ನಮ್ಮಕ್ಕನ್ನ ಬಿಟ್ರೆ ಒಬ್ಬರಿಗೂ ಇಲ್ಲ” ಎಂದು ನನ್ನ ತಮ್ಮ ಎದೆ ಸೆಟೆಸಿದ.

“ಟೆಸ್ಟ್ ಮಾಡಿಸಿದ್ದೀರಾ?” ಎಂದು ಕೇಳಿದವಳು ಚೈತ್ರ. ತಮ್ಮನ ಎದೆ ಯಥಾಸ್ಥಿತಿಗೆ ಬಂತು. ಅವಳು ತನ್ನ ತಂದೆಯ ಕಡೆ ತಿರುಗಿ, “ನೀವು ಮಾಡಿಸಿದ್ದೀರಾ ಅಪ್ಪಾಜಿ?” ಎಂದಳು. ಅಪ್ಪಾಜಿಗೆ ಇದ್ದಕ್ಕಿದ್ದಂತೆ ಕಿಟಕಿಯಾಚೆಯ ಹಸುವಿನ ಯೋಗಕ್ಷೇಮ ನೆನಪಾಯಿತು. “ಅವರು ಮಾಡಿಸ್ಲಿ, ನಾನೂ ಮಾಡಿಸ್ತೀನಿ. ಗೊತ್ತಿಲ್ದೆ ಇರೋದನ್ನ ಇಲ್ಲ ಅನ್ನೋದು ಹೇಗೆ?” ಎಂದಳು ಹುಡುಗಿ, ಪ್ರದೀಪನ ಕಡೆ ಕಣ್ಣು ಹಾಯಿಸಿ. ಅಲ್ಲಿಯವರೆಗೆ ಒಂದಕ್ಷರ ಆಡದಿದ್ದ ಪ್ರದೀಪ, “ಶನಿವಾರ ಆಗುತ್ತಾ?” ಎಂದ. ಪ್ರಣಯಾರಂಭಕ್ಕೆ ರಕ್ತಪರೀಕ್ಷೆಯ ಪೀಠಿಕೆ ಹಾಕಿದ ಹುಡುಗನನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಮುಚ್ಚಿಟ್ಟಷ್ಟು ದಿನ ಬೀರುವಿನಷ್ಟು ದೊಡ್ಡದಾಗಿ ಎದೆಯ ಮೇಲೆ ಕೂತಿದ್ದ ವಿಷಯ, ಹೇಳಿದ ಮೇಲೆ ಅರ್ಧ ಮಾತ್ರೆಯಷ್ಟೇ ಇತ್ತು. ತಮ್ಮನ ಹೆಂಡತಿಯಂತೂ ಹಳೇಬೀಡು ದಾಟುವ ಮೊದಲೇ, ತನಗೂ ಈಚೆಗೆ ಬಾಯಾರಿಕೆ ಹೆಚ್ಚೆಂದು ಕಿವಿಯಲ್ಲಿ ಉಸುರಿದಳು. ಅವಳ ಪರೀಕ್ಷೆಯ ದಿನವನ್ನೂ ನನ್ನ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ.

ನಿಶ್ಚಯವಾಗದ ಹುಡುಗ ಹುಡುಗಿ ಒಟ್ಟಿಗೆ ಓಡಾಡುವುದು ಎರಡೂ ಮನೆಯಲ್ಲಿ ಕೇಳಿಲ್ಲದ ಸಂಗತಿ. ಆದರೆ ಆಸ್ಪತ್ರೆಯ ಕೆಲಸಕ್ಕೆ ಯಾರು ತಾನೇ ಬೇಡವೆಂದಾರು? ಶನಿವಾರ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಬೇಲೂರಿಗೆ ಹೋಗಿ ಮೊದಲ ರಕ್ತ ಕೊಟ್ಟರು. ತಿಂಡಿಯಾದ ಎರಡು ಗಂಟೆಗೆ ಸರಿಯಾಗಿ ಎರಡನೆಯದು ಕೊಡಬೇಕೆಂದು ಲ್ಯಾಬಿನವರು ಹೇಳಿ ಕಳಿಸಿದರು. ದೋಸೆ ತಿಂದಾಯಿತು. ಇನ್ನು ಹೊತ್ತು ಹೋಗಬೇಕಲ್ಲ, ದೇವಸ್ಥಾನದ ಸುತ್ತ ಒಂದು ಪ್ರದಕ್ಷಿಣೆ ಹಾಕೋಣವೆಂದು ಹೊರಟರಂತೆ. ಅಲ್ಲಿನ ಗೋಡೆಯ ಒಂದೊಂದು ಆನೆಯನ್ನೂ ನೋಡಿದರೋ, ಒಂದನ್ನೂ ನೋಡಲಿಲ್ಲವೋ, ನಾನು ಕೇಳಿಲ್ಲ. ಲ್ಯಾಬಿಗೆ ತಿರುಗಿ ಬಂದಾಗ ತಿಂಡಿಯಾಗಿ ನಾಲ್ಕು ಗಂಟೆ ಕಳೆದಿತ್ತು. ಇದು ಲೆಕ್ಕಕ್ಕೆ ಬರುವುದಿಲ್ಲ, ಇನ್ನೊಂದು ದಿನ ಬನ್ನಿ ಎಂದು ಗದರಿಸಿ ಕಳಿಸಿದರಂತೆ.

“ಬರೋ ಶನಿವಾರ ಮತ್ತೆ ಹೋಗ್ಬೇಕಂತೆ ಅತ್ತೆ” ಎಂದು ಫೋನಿನಲ್ಲಿ ಹೇಳುವಾಗ ನಮ್ಮ ಹುಡುಗನ ದನಿಯಲ್ಲಿ ವ್ಯಸನದ ಲವಲೇಶವೂ ಇರಲಿಲ್ಲ. ಆ ಶನಿವಾರವೂ ತಡವಾಯಿತು. ಮೂರನೆಯ ಸಲದ ಮಾತು ಬಂದಾಗ ಮಾದಿಹಳ್ಳಿಯ ಅಜ್ಜಿಯೇ ನನಗೆ ಫೋನು ಮಾಡಿದರು.

“ಪಾಪ, ಹುಡುಗ್ರು ಇನ್ನೆಷ್ಟು ಸಲ ಅಂತ ರಕ್ತ ಕೊಡ್ತಾರವ್ವ? ಬೇಗ್ನೆ ಒಂದು ಛತ್ರ ನೋಡ್ಕಳಿ.”