ಮಾನಮ್ಮ ಚುಚ್ಚಿದ ಸರಳು

ಮಾನಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ರಾಯಚೂರು ಕಡೆಯ ಕಪ್ಪು ನೆಲದಲ್ಲಿ ಅಪ್ಪನ ಜೊತೆ ಗೋಡೆ ಕಟ್ಟಿದವಳು. ಆ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಗೋಡೆಗಳನ್ನು ಹೇಗೆ ಸೀಳುತ್ತದೆಂದು ಕಣ್ಣಾರೆ ಕಂಡವಳು. 1979ರಲ್ಲಿ ಮುಂಬಯಿ ಪಕ್ಕದ ವಾಶಿಯ ಒಂದು ಸೈಟಿನಲ್ಲಿ ಬುಟ್ಟಿ ಹೊರುತ್ತಿದ್ದಳು. ಅಲ್ಲಿನ ಗೋದಾಮಿನ ಬೀಗದ ಕೈ ನನ್ನ ಹತ್ತಿರವಿತ್ತು.

ಸೂಪರ್‌ವೈಸರ್ ವಸಂತಕುಮಾರ ಮಂಗಳೂರು ಕಡೆಯವ, ಡಿಪ್ಲೊಮಾ ಪಾಸು. ಓದು ತಲೆಗೆ ಹತ್ತಿತ್ತೋ ಇಲ್ಲವೋ, ಜಂಬ ಮಾತ್ರ ನೆತ್ತಿಗೇರಿತ್ತು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನ ಮೇಲೆ ಲಾರಿಗಳಲ್ಲಿ ತಂದು ಸುರಿದಿದ್ದ ಕೆಂಪು ಮೊರಮು ಮಣ್ಣನ್ನು ಕಂಡದ್ದೇ, ತನ್ನೂರಿನ ಗಟ್ಟಿ ನೆಲವೇ ಸಿಕ್ಕಿತೆಂದು ಹಿಗ್ಗಿದ. ಕಾಂಪೌಂಡ್ ಗೋಡೆಗೆ ಎರಡಡಿ ಪಾಯ ಸಾಕೆಂದ. ಕೂಲಿಯವರ ಜೋಪಡಿಗಳು ಆ ಗೋಡೆಗೆ ಒರಗಿಯೇ ಏಳಬೇಕಿತ್ತು. ಮಾನಮ್ಮನ ಮೂರು ವರ್ಷದ ಮಗಳು ಮಲಗಬೇಕಾದದ್ದು ಅದರ ಬುಡದಲ್ಲೇ.

ಮಾನಮ್ಮ ಬುಟ್ಟಿ ಇಳಿಸಿ, ಅಗೆದ ಪಾಯದಲ್ಲಿ ಕಬ್ಬಿಣದ ಸರಳೊಂದನ್ನು ನಿಲ್ಲಿಸಿ ಒತ್ತಿದಳು. ಅದು ಸರಾಗವಾಗಿ ಇಳಿದು, ನೆಲಮಟ್ಟದಿಂದ ಆರಡಿ ಕೆಳಗೆ ಟಣ್ ಎಂದಿತು.

"ಸಾಹೇಬ್ರ, ಕೆಳಗ ನಮ್ಮ ಎರಿಗಿಂತ ಮೆತ್ತಗದರಿ. ಚುಚ್ಚಿ ನೋಡ್ರಿ, ಗಟ್ಟಿ ಹತ್ತೋತನ ಅಗೀಬೇಕು," ಎಂದಳು.

"ಮಣ್ಣು ಹೊರುವವಳು ನನಗೆ ಪಾಯ ಕಲಿಸುದಾ ಮಾರಾಯ್ತಿ? ನಮ್ಮೂರಲ್ಲಿ ಎರಡಡಿಯೇ ಹೆಚ್ಚು," ಎಂದ ವಸಂತಕುಮಾರ.

ನಾನು ಅಲ್ಲೇ ಇದ್ದೆ. ಸರಳಿನ ತುದಿಗೆ ಮೆತ್ತಿದ್ದ ಕಪ್ಪು ಕೆಸರು ನನಗೂ ಕಂಡಿತ್ತು. ಆದರೂ ಬಾಯಿ ಬಿಡಲಿಲ್ಲ. ಅದಕ್ಕಾಗಿ ನನ್ನ ಮೇಲೆ ನನಗೆ ಇಂದಿಗೂ ಅಸಹ್ಯ.

ಗೋಡೆ ಎದ್ದಿತು. ಮಾನಮ್ಮ ಜೋಪಡಿಯನ್ನು ಹತ್ತು ಮಾರು ಆಚೆ ಹಾಕಿದಳು. ನಗುತ್ತಿದ್ದ ಉಳಿದವರನ್ನೂ ಬೈದು, ಕಾಡಿ, ಅಲ್ಲಿಂದ ಎಬ್ಬಿಸಿದಳು. ಜೂನ್ ತಿಂಗಳ ಮಳೆಗೆ ಒಂದು ಮಧ್ಯಾಹ್ನ ಗೋಡೆ ಮಕಾಡೆ ಮಲಗಿತು. ಅಡಿಯಲ್ಲಿ ಸಿಕ್ಕಿದ್ದು ವಸಂತಕುಮಾರನ ಸೈಕಲ್ ಒಂದೇ. ಆಮೇಲೆ ಆರಡಿ ಅಗೆದು ಮತ್ತೆ ಕಟ್ಟಬೇಕಾಯಿತು.

ಮರುವರ್ಷ ಮುಂಬ್ರಾದ ಗುಡ್ಡದ ಬುಡದಲ್ಲಿ ಕೆಲಸ. ಮಹಾಶಯ ಈಗ ಬುದ್ಧಿ ಕಲಿತಿದ್ದ. ಸುಣ್ಣದ ಗೆರೆ ಎಳೆಸಿ, ಆರಡಿ ಪಾಯ ಎಂದು ಅಪ್ಪಣೆ ಕೊಟ್ಟ. ಒಂದೇ ಅಡಿಗೆ ಕರಿಬಂಡೆ ಸಿಕ್ಕಿತು. ಆದರೂ ಅಗೆಯಿರಿ ಎಂದ. ಮೂರು ದಿನ ಬಂಡೆ ಕುಟ್ಟಿ ಆಳುಗಳ ಅಂಗೈಗಳಲ್ಲಿ ಬೊಕ್ಕೆ ಎದ್ದವು. ನಾಲ್ಕನೆಯ ದಿನ ಮಾನಮ್ಮ ಹಾರೆ ಕೆಳಗಿಟ್ಟಳು.

"ಯಾಕೆ ನಿಲ್ಲಿಸಿದ್ದು? ಆರಡಿ ಅಂತ ನೀನೇ ಅಲ್ವಾ ತೋರಿಸಿಕೊಟ್ಟದ್ದು?" ಎಂದ ಅವನು.

"ನಾ ಚುಚ್ಚಿ ನೋಡ್ರಿ ಅಂದಿದ್ದೆರಿ," ಎಂದಳು ಮಾನಮ್ಮ. "ಆರಡಿ ನೀವ ಕಲ್ತದ್ದು."