ಬೂದಿ ಕೆರೆದ ಬಾಗಿಲು

ಸುಮಕ್ಕ, ಬೆಕ್ಕನ್ನು ನೀವೇ ಬಿಟ್ಟುಹೋದಿರಿ ಎಂದು ಇಂದಿಗೂ ಎಲ್ಲರೂ ಹೇಳುತ್ತಾರೆ. ವಡೋದರಾದ ಪಕ್ಕದ ಮನೆಯ ಹಂಸಾಬೆನ್ ನಿಮ್ಮನ್ನು ಕಲ್ಲುಮನಸ್ಸಿನವಳು ಎಂದಾಗ ನಾನು ಸುಮ್ಮನಿದ್ದೆ. ಅವರೆಲ್ಲ ಹೇಳುವುದು ಸುಳ್ಳು. ಬಿಡುವಂತೆ ಮಾಡಿದವಳು ನಾನು — ಅರ್ಧ ಸಾಕ್ಷ್ಯ ಬಚ್ಚಿಟ್ಟು.

ನೀವು ಊರಂಚಿನ ಕೊಯಾಲಿಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದಿರಿ, ನಾನು ಎಂ.ಎ. ಓದುತ್ತಿದ್ದೆ. ಇಬ್ಬರಿಗೂ ಸೇರಿ ಎರಡು ಕೋಣೆಯ ಬಾಡಿಗೆ ಮನೆ. ಪಾಳಿ ಮುಗಿಸಿ ನೀವು ಬಾಗಿಲು ಹಾಕಿಕೊಂಡು ಮಲಗಿದರೆ ನಮ್ಮ ಬೆಕ್ಕು ಬೂದಿ ಅದನ್ನು ಕೆರೆಯುತ್ತಿತ್ತು. "ನೋಡವಾ ವಕೀಲಬಾಯಿ, ಈ ಊರಾಗ ನನ್ನ ದಾರಿ ಕಾಯೋದು ಇದೊಂದ," ಎಂದು, ಎಲ್ಲಕ್ಕೂ ವಾದ ಹೂಡುವ ನನ್ನನ್ನು ನೋಡಿ ನಗುತ್ತಿದ್ದಿರಿ. ನನ್ನ ಬಾಗಿಲನ್ನು ಅದು ಒಮ್ಮೆಯೂ ಕೆರೆದಿರಲಿಲ್ಲ — ಈ ಸಂಗತಿಯನ್ನು ಮಾತ್ರ ನಾನೆಂದೂ ವಾದಕ್ಕೆ ತರಲಿಲ್ಲ.

ಸೂರತ್ ಬಳಿಯ ಹಜೀರಾಕ್ಕೆ ನಿಮಗೆ ವರ್ಗವಾದಾಗ ಬೂದಿಯನ್ನು ಒಯ್ಯಲು ಮುಚ್ಚಳದ ಬುಟ್ಟಿ ತಂದಿರಿ. ಅಂದೇ ಹೇಳಿದೆ: "ಅಕ್ಕ, ನೀವು ಊರಿಗೆ ಹೋಗಿದ್ದಾಗ್ಲೂ ಆ ಬಾಗಿಲು ಕೆರೀತಿತ್ತು. ಖಾಲಿ ರೂಮು! ತನ್ನ ಜಾಗದಲ್ಲಿ ಯಾರಾದ್ರೂ ಬಾಗಿಲು ಮುಚ್ಚಿದ್ರೆ ಬೆಕ್ಕಿಗೆ ಆಗಲ್ಲ, ಅಷ್ಟೇ. ನಿಮಗೋಸ್ಕರ ಅಲ್ಲ."

"ಹೌದೇನು? ಹಂಗಾರ ನಾ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ ಅನ್ನು." ಈ ಸಲ ನೀವು ನಗಲಿಲ್ಲ.

ಹೇಳಿದ್ದೇನೂ ಸುಳ್ಳಲ್ಲ. ಹೇಳದೆ ಬಿಟ್ಟದ್ದು — ನಾನು ಆ ಬಾಗಿಲು ತೆರೆದಾಗ ಅದು ನೇರ ಹಾಸಿಗೆಗೆ ಹಾರಿ, ನಿಮ್ಮ ಮಾಸಿದ ದುಪಟ್ಟಾದಲ್ಲಿ ಮುಖ ಹುದುಗಿಸಿ ಮಲಗಿತ್ತು. ಸಂಜೆಯವರೆಗೆ ಹಾಲು ಮುಟ್ಟಲಿಲ್ಲ. ಜಾಗವೂ ಬೇಕು, ನೀವೂ ಬೇಕು — ಎರಡೂ ನಿಜವಿರಬಹುದಿತ್ತು. ಆದರೆ ಎದುರಾಳಿಗೆ ಬೇಕಾದ ಸಾಕ್ಷ್ಯವನ್ನು ನಾವೇ ಒದಗಿಸಬಾರದೆಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ನಿಮ್ಮನ್ನು ಎದುರಾಳಿಯೆಂದು ಯಾವಾಗ ಎಣಿಸಿದೆನೋ...

"ಇರಲಿ, ಅದಕ್ಕ ಇಲ್ಲೇ ರೂಢಿ," ಎಂದು ಬುಟ್ಟಿಯನ್ನು ನನಗೇ ಕೊಟ್ಟು ಸೂರತ್ ರೈಲು ಹತ್ತಿದಿರಿ.

ಆಮೇಲೆ ನಿಮ್ಮ ಕೋಣೆಯ ಬಾಗಿಲನ್ನು ನಾನು ಮುಚ್ಚಲೇ ಇಲ್ಲ. ನನ್ನ ವಾದದಂತೆ ಕೆರೆತ ನಿಲ್ಲಬೇಕಿತ್ತು. ಬೂದಿ ಹೊರಬಾಗಿಲನ್ನು ಕೆರೆಯತೊಡಗಿತು — ಪಾಳಿ ಮುಗಿಸಿ ನೀವು ಬರುತ್ತಿದ್ದ ಕಾರ್ಖಾನೆಯ ಬಸ್ಸು ಕೆಳಗೆ ಬಂದು ನಿಂತಾಗ ಮಾತ್ರ. ತೆರೆದರೆ ಹೊರಗೆ ಹೋಗುತ್ತಿರಲಿಲ್ಲ. ಹೊಸ್ತಿಲಲ್ಲೇ ಕುಳಿತು ಮೆಟ್ಟಿಲು ನೋಡುತ್ತಿತ್ತು.

ಅದೇ ವಾರ ನಿಮ್ಮ ಫೋನು. "ಬೂದಿ ನನ್ನ ನೆನಸತದೇನು?"

"ಇಲ್ಲಕ್ಕ, ತಿಂದ್ಕೊಂಡು ಆರಾಮಾಗಿದೆ," ಎಂದೆ. ನಿಮ್ಮ ಸಮಾಧಾನಕ್ಕೆಂದಲ್ಲ — ಸೋಲಲಾರದೆ. ನೀವು ಮತ್ತೆಂದೂ ಕೇಳಲಿಲ್ಲ.

ಎರಡು ವರ್ಷ ನನ್ನೊಂದಿಗಿದ್ದು ಅದು ತೀರಿಕೊಂಡಿತು. ಅದನ್ನೂ ನಿಮಗೆ ತಿಳಿಸಲಿಲ್ಲ. ಅಕ್ಕ, ಅಂದು ಫೋನಿನಲ್ಲಿ "ಕಾಯ್ತಾ ಇದೆ" ಎಂದು ಒಂದು ಮಾತು ಹೇಳಿದ್ದರೆ — ನೀವು ಬರುತ್ತಿದ್ದಿರಾ?