ಕತ್ತಿಗೆ ಸಪ್ಪೆ ಅನ್ನ

ಸೆಕಿ ಊರಿನಲ್ಲಿ ಮೂವತ್ತೊಂದು ವರ್ಷ ಬಸ್ ಓಡಿಸಿದ್ದ ಇತ್ಸುಕೊ, ನಿವೃತ್ತಿಯಾದ ಮೇಲೆ ಕತ್ತಿಗೆ ಒರೆ ಮಾಡುವವರನ್ನು ಹುಡುಕಿಕೊಂಡು ಊರೂರು ಅಲೆದಳು. ಅಜ್ಜನ ಕತ್ತಿಗೆ ಹಿಡಿದಿದ್ದ ತುಕ್ಕನ್ನು ಸಾಣೆಯವನು ಬಿಡಿಸಿಕೊಟ್ಟಿದ್ದ. "ಹಳೇ ಒರೆಗೆ ಮಾತ್ರ ಹಾಕ್ಬೇಡಿ, ಒಳಗೆಲ್ಲ ತುಕ್ಕಿನ ಪುಡಿ. ಮಳೆ ಹಿಡಿಯೋಕೆ ಮುಂಚೆ ಹೊಸದು ಮಾಡ್ಸಿ" ಎಂದಿದ್ದ. ಬೇಕಾದದ್ದು ಬಣ್ಣ, ಮೆರುಗು ಇಲ್ಲದ, ಕತ್ತಿಯನ್ನು ಮಲಗಿಸಿಡುವ ಬರೀ ಮರದ ಒರೆ. ಮೊದಲನೆಯವನು ತೀರಿಕೊಂಡಿದ್ದ. ಎರಡನೆಯವನಿಗೆ ಕೈನಡುಕ. ಮೂರನೆಯವನು ನಾಲ್ಕು ವರ್ಷ ಕಾಯಿರಿ ಎಂದ.

ನಾಲ್ಕನೆಯವನು ಎಪ್ಪತ್ತೆಂಟರ ಹಿರಮಿತ್ಸು. ಎರಡು ಸಲ ಒಲ್ಲೆನೆಂದು ಮೂರನೆಯ ಸಲ ಒಪ್ಪಿದ. ಹತ್ತು ವರ್ಷ ಒಣಗಿಸಿದ ಮರವನ್ನು ಎರಡು ಹೋಳು ಮಾಡಿ, ಒಳಗೆ ಕತ್ತಿಯ ಅಳತೆಗೆ ಕೊರೆದ. ಅಂಟಿಸುವ ದಿನ ಇತ್ಸುಕೊ ಅವನಿಗೊಂದು, ತನಗೊಂದು ಬುತ್ತಿ ಕಟ್ಟಿಕೊಂಡು ಹೋದಳು.

ಅಲ್ಲಿ ಗಂಡ ಹೆಂಡಿರ ಜಗಳ ನಡೆದಿತ್ತು.

"ಅಂಟಿಗೆ ಬಿಳೀ ಅನ್ನ ಬೇಕು ಅಂತ ನಲವತ್ತು ವರ್ಷದಿಂದ ಬಡ್ಕೊಳ್ತಿಲ್ವೇನೇ? ಈ ಅನ್ನ ಹಚ್ಚಿದ್ರೆ ಒರೆಯೊಳಗೆ ಕಾಳು ಮೊಳಕೆ ಒಡೆಯುತ್ತೆ!"

"ಕಣ್ಣಿನ ಆಪರೇಷನ್ನಿಗೆ ಹೊರಟವ್ರಿಗೆ ಒಳ್ಳೇದಾಗ್ಲಿ ಅಂತ ಇದ್ದಬದ್ದ ಅಕ್ಕೀನೆಲ್ಲ ಕೆಂಪು ಕಾಳು ಹಾಕಿ ಬೇಯಿಸ್ದೆ. ನಂದೇ ತಪ್ಪು ಬಿಡಿ!" ಎಂದಳು ಹೆಂಡತಿ ಚಿಯೆ.

ಆಸ್ಪತ್ರೆಗೆ ಕರೆದೊಯ್ಯಲು ಮಗಳು ಒಂದು ಗಂಟೆಯಲ್ಲಿ ಬರುವವಳು. ಆಮೇಲೆ ಎರಡು ತಿಂಗಳು ಕೆಲಸ ಮುಟ್ಟುವಂತಿಲ್ಲ. ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

"ಅಂಗಡಿ ಅಂಟು ಹಾಕಿದ್ರಾಗಲ್ವಾ ಯಜಮಾನ್ರೇ?" ಎಂದಳು ಇತ್ಸುಕೊ.

"ಅದು ಬಿಡೋದೇ ಇಲ್ಲಮ್ಮಾ! ಮುಂದೆ ಒಳಗೆ ತುಕ್ಕು ಬಂದ್ರೆ ಒರೆ ಬಿಚ್ಚಿ ಕೆರೀಬೇಕು. ಅನ್ನದ ಅಂಟು ಬಿಡು ಅಂದ್ರೆ ಬಿಡುತ್ತೆ. ಇವಳ ಹಾಗಲ್ಲ."

ಇತ್ಸುಕೊ ಅವನಿಗೆ ತಂದಿದ್ದ ಬುತ್ತಿ ಬಿಚ್ಚಿದಳು. ಬೆಳ್ಳಗಿನ ಅನ್ನದುಂಡೆಗಳು. ಹಿರಮಿತ್ಸು ಒಂದು ಅಗುಳು ನಾಲಿಗೆಗಿಟ್ಟು ಉಗಿದ.

"ಉಪ್ಪು! ತುಕ್ಕು ಹಿಡ್ಸಿ ಕತ್ತೀನ ಕೊಲ್ತೀರಾ?"

"ಕೈಗೆ ಉಪ್ಪು ಸವರಿಕೊಳ್ದೆ ಯಾರಾದ್ರೂ ಉಂಡೆ ಕಟ್ತಾರಾ..." ಎನ್ನುತ್ತಲೇ ಇತ್ಸುಕೊ ನಗತೊಡಗಿದಳು. ರಕ್ತದೊತ್ತಡವೆಂದು ಡಾಕ್ಟರು ಆರು ತಿಂಗಳಿಂದ ಅವಳ ಉಪ್ಪು ಕಿತ್ತುಕೊಂಡಿದ್ದರು. ತನ್ನ ಬುತ್ತಿ ಮುಂದೆ ಚಾಚಿದಳು.

ಅವನು ಚಪ್ಪರಿಸಿದ. ಮುಖ ಅರಳಿತು. "ಥೂ! ಇಷ್ಟು ಕೆಟ್ಟ ಉಂಡೆ ಜನ್ಮದಲ್ಲೇ ತಿಂದಿಲ್ಲ! ಎಲ್ಲಾ ಕೊಡಿ!"

ಹಲಗೆಯ ಮೇಲೆ ಅನ್ನ ಬಿದಿರ ಪಟ್ಟಿಯಡಿ ನುರಿದು ನುರಿದು ಹೊಳೆಯುವ ಅಂಟಾಯಿತು. ಹೋಳುಗಳು ಕೂಡಿದವು, ಹಗ್ಗ ಬಿಗಿಯಿತು. ಹೊರಗೆ ಹಾರನ್ ಕೇಳಿತು.

"ವಾರ ಬಿಟ್ಟು ಕತ್ತಿ ಒಳಗಿಡಿ. ಹೊರಮೈನ ನಾನು ಹುಷಾರಾಗಿ ಬಂದ್ಮೇಲೆ ಹೆರೆದು ನಯ ಮಾಡ್ತೀನಿ, ಕತ್ತಿಗೆ ಅದರ ಚಿಂತೆಯಿಲ್ಲ" ಎನ್ನುತ್ತ ಹಿರಮಿತ್ಸು ಕಾರು ಹತ್ತಿದ.

ಒರೆಯನ್ನು ಮಗುವಿನಂತೆ ಅಪ್ಪಿ ಕುಳಿತ ಇತ್ಸುಕೊಳ ಹೊಟ್ಟೆ ಗುರ್ ಎಂದಿತು. ಚಿಯೆ ಉಪ್ಪಿನುಂಡೆಗಳನ್ನು ಅವಳತ್ತ ಸರಿಸಿದಳು.

"ನಿಮ್ಮ ಊಟ ಕತ್ತಿ ಉಂಡಾಯ್ತು. ಇದೊಂದು ತಿನ್ನಿ, ಡಾಕ್ಟರಿಗೆ ನಾನೇನೂ ಹೇಳಲ್ಲ."

ಇತ್ಸುಕೊ ಎರಡು ತಿಂದಳು.